ಅರ್ಧ ಮಿಲಿಮೀಟರ್ ಕಲಿಸಿದ ಪಾಠ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ನಾನು ಮಾಮುವಿನ ಮರಗೆಲಸದ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿ ಗುಡಿಸುವುದು, ಹಲಗೆಯ ಇನ್ನೊಂದು ತುದಿ ಹಿಡಿಯುವುದು, ಚಹಾ ತರುವುದು. ಮೊದಲ ಎರಡು ವಾರ ಇಷ್ಟೇ ನನ್ನ ಕೆಲಸ. ಮೂರನೇ ವಾರ ಮಾಮು ನನ್ನ ಕೈಗೆ ರೂಟರ್ ಕೊಟ್ಟರು. ವೈ-ಫೈ ರೂಟರ್ ಅಲ್ಲ, ಮರ ಕತ್ತರಿಸುವ ರೂಟರ್. ನಮ್ಮ ಕಡೆ ಇದರ ಚಿಕ್ಕ ರೂಪವನ್ನು ಟ್ರಿಮ್ಮರ್ ಎನ್ನುತ್ತಾರೆ. ಪ್ಲೈವುಡ್ಡಿನ ಅಂಚಿಗೆ ಅಂಟಿಸಿದ ಮರದ ಪಟ್ಟಿಯನ್ನು ಈ ಯಂತ್ರದಿಂದ ಹಲಗೆಯ ಮಟ್ಟಕ್ಕೆ ಸಮ ಮಾಡುವುದು ಹೇಗೆ ಎಂಬುದನ್ನು, ನಾನು ಮಾಡಿದ ತಪ್ಪಿನ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಿ ಏಕೆ ಬೇಕು?

ಪ್ಲೈವುಡ್ ಎಂದರೆ ತೆಳುವಾದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ ಹಲಗೆ. ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ ಇರುತ್ತದೆ. ಆದ್ದರಿಂದ ಅದು ಇಡೀ ಮರದ ಹಲಗೆಯಷ್ಟು ಹಿಗ್ಗುವುದಿಲ್ಲ, ಸೊಟ್ಟಗಾಗುವುದೂ ಕಡಿಮೆ. ಆದರೆ ಅಂಚಿನಲ್ಲಿ ಪದರಗಳು ಕಾಣುತ್ತವೆ, ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಮೂಲೆಗಳು ಬೇಗ ಸಿಬಿರೇಳುತ್ತವೆ. ಅದಕ್ಕೆ ಅಂಚಿನ ಉದ್ದಕ್ಕೂ ತೇಗದ ಪಟ್ಟಿಯೊಂದನ್ನು ಅಂಟಿಸುತ್ತಾರೆ.

ನಮ್ಮ ಹಲಗೆ 19 ಮಿ.ಮೀ. ದಪ್ಪವಿತ್ತು. ಪಟ್ಟಿಯನ್ನು ಮಾಮು 22 ಮಿ.ಮೀ. ಅಗಲಕ್ಕೆ, ಎರಡು ಸೂತು ಅಂದರೆ ಸುಮಾರು 6 ಮಿ.ಮೀ. ದಪ್ಪಕ್ಕೆ ಸೀಳಿದ್ದರು. ಸರಿಯಾಗಿ 19ಕ್ಕೇ ಸೀಳಬಹುದಿತ್ತಲ್ಲ ಎಂದು ಕೇಳಿದೆ. "ಕ್ಲ್ಯಾಂಪ್ ಬಿಗಿದಾಗ ಫೆವಿಕಾಲ್ ಮೇಲೆ ಪಟ್ಟಿ ಜಾರುತ್ತೆ ಬೇಟಾ. ಮೇಲೆದ್ದರೆ ಕೀಸಬಹುದು, ಕೆಳಗಿಳಿದರೆ ಏನು ಮಾಡ್ತೀಯಾ?" ಎಂದರು. ಹೀಗಾಗಿ ಎರಡೂ ಕಡೆ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚಿಗೆ ಬಿಟ್ಟು ಅಂಟಿಸುತ್ತಾರೆ. ಅಂಟು ಒಣಗಿದ ಮೇಲೆ ಆ ಹೆಚ್ಚಿನದನ್ನು ತೆಗೆಯುತ್ತಾರೆ. ಹಿಂದೆ ಇದನ್ನು ರಂದಾ ಹೊಡೆದು ಮಾಡುತ್ತಿದ್ದರಂತೆ. ಈಗ ರೂಟರ್ ಬಂದಿದೆ.

ರೂಟರ್ ಕೆಲಸ ಮಾಡುವ ಬಗೆ

ಈ ಕೆಲಸಕ್ಕೆ ಬಳಸುವ ಬಿಟ್‌ನ ತುದಿಯಲ್ಲಿ ಪುಟ್ಟ ಬೇರಿಂಗ್ ಇರುತ್ತದೆ. ಬೇರಿಂಗಿನ ವ್ಯಾಸವೂ ಅಲಗಿನ ವ್ಯಾಸವೂ ಒಂದೇ. ಬೇರಿಂಗ್ ಹಲಗೆಯ ಮುಖಕ್ಕೆ ಒರಗಿ ಉರುಳುತ್ತಾ ಹೋದರೆ, ಅಲಗು ಆ ಮುಖಕ್ಕಿಂತ ಹೊರಗೆ ಚಾಚಿದ್ದನ್ನು ಮಾತ್ರ ಕತ್ತರಿಸುತ್ತದೆ.

ಗಣಿತ ಇಷ್ಟಪಡುವವರಿಗಾಗಿ ಒಂದು ಲೆಕ್ಕ. ಟ್ರಿಮ್ಮರ್ ನಿಮಿಷಕ್ಕೆ ಸುಮಾರು 30,000 ಸುತ್ತು, ಅಂದರೆ ಸೆಕೆಂಡಿಗೆ 500 ಸುತ್ತು ತಿರುಗುತ್ತದೆ. ಬಿಟ್‌ಗೆ ಎರಡು ಅಲಗು ಇದ್ದರೆ ಸೆಕೆಂಡಿಗೆ 1,000 ಕಡಿತ. ಬಿಟ್‌ನ ವ್ಯಾಸ 12.7 ಮಿ.ಮೀ. ಆದರೆ ಅಲಗಿನ ವೇಗ ಗಂಟೆಗೆ ಸುಮಾರು 72 ಕಿ.ಮೀ. ನಾವು ಯಂತ್ರವನ್ನು ಸೆಕೆಂಡಿಗೆ 50 ಮಿ.ಮೀ. ಸರಿಸಿದರೆ ಒಂದೊಂದು ಕಡಿತಕ್ಕೆ ಸಿಗುವ ಮರ 0.05 ಮಿ.ಮೀ. ಮಾತ್ರ. ನಡುವೆ ನಿಂತುಬಿಟ್ಟರೆ ಅಲಗು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಆಗ ತೇಗದ ಮೇಲೆ ಕಪ್ಪು ಸುಟ್ಟ ಕಲೆ ಬೀಳುತ್ತದೆ.

ದಿಕ್ಕೂ ಮುಖ್ಯ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಬಿಟ್ ಹಲಗೆಗೂ ನಮಗೂ ನಡುವೆ ಇದ್ದರೆ ಯಂತ್ರವನ್ನು ಎಡದಿಂದ ಬಲಕ್ಕೆ ಸರಿಸಬೇಕು. ಆಗ ಮರ ಅಲಗಿಗೆ ಎದುರಾಗಿ ಬರುತ್ತದೆ, ಯಂತ್ರ ಹಿಡಿತದಲ್ಲಿರುತ್ತದೆ. ಬಲದಿಂದ ಎಡಕ್ಕೆ ಸರಿಸಿದರೆ ಅಲಗೇ ಚಕ್ರದಂತೆ ಮರದ ಮೇಲೆ ಓಡಲು ನೋಡುತ್ತದೆ, ಯಂತ್ರ ಕೈಯಿಂದ ಜಿಗಿಯುತ್ತದೆ.

ನಾನು ಮಾಡಿದ ತಪ್ಪು

ಅದು ಗಿರಾಕಿಯೊಬ್ಬರ ಟೇಬಲ್ಲಿನ ಮೇಲ್ಭಾಗ. ಎರಡು ದಿನದಲ್ಲಿ ಕೊಡಬೇಕಿತ್ತು. ಹಲಗೆಯ ಮೇಲೆ ತೇಗದ ವಿನೀರ್ ಇತ್ತು. ವಿನೀರ್ ಎಂದರೆ ಒಳ್ಳೆಯ ಮರದಿಂದ ತೆಗೆದ ಹಾಳೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಮಾಮು ಜುಹರ್ ನಮಾಜಿಗೆ ಹೋಗುವಾಗ "ನಾನು ಬರೋವರೆಗೂ ಇದನ್ನು ಮುಟ್ಟಬೇಡ" ಎಂದಿದ್ದರು. ಅವರು ಬರುವಷ್ಟರಲ್ಲಿ ಒಂದು ಬದಿ ಮುಗಿಸಿ ಶಹಬ್ಬಾಸ್ ಎನ್ನಿಸಿಕೊಳ್ಳಬೇಕೆಂದು ನಾನು ಸ್ವಿಚ್ ಹಾಕಿದೆ.

ಹಲಗೆಯನ್ನು ಅಂಚು ಮೇಲಾಗಿ ನಿಲ್ಲಿಸಿ ಕ್ಲ್ಯಾಂಪ್ ಮಾಡಿತ್ತು. ಅಂಚಿನ ಅಗಲ 22 ಮಿ.ಮೀ. ಯಂತ್ರದ ತಳವೋ ಸುಮಾರು 90 ಮಿ.ಮೀ. ಮುಕ್ಕಾಲು ತಳ ಗಾಳಿಯಲ್ಲೇ ಇತ್ತು. ಒಂದು ಅಡಿ ಚೆನ್ನಾಗಿ ಹೋಯಿತು. ಆಮೇಲೆ ವಯರ್ ಎಳೆದುಕೊಳ್ಳಲು ಒಂದು ಕೈ ಬಿಟ್ಟೆ. ಯಂತ್ರದ ತಲೆ ಹಲಗೆಯ ಕಡೆಗೆ ಸ್ವಲ್ಪ ವಾಲಿತು. "ಗರ್" ಎಂದು ಸದ್ದು ಬದಲಾಯಿತು. ನಿಲ್ಲಿಸಿ ನೋಡಿದರೆ, ಪಟ್ಟಿಯ ಪಕ್ಕದಲ್ಲೇ ಅರ್ಧ ಬೆರಳುದ್ದ ವಿನೀರ್ ಹೋಗಿ ಕೆಳಗಿನ ಬಿಳಿ ಪದರ ಕಾಣುತ್ತಿತ್ತು.

ಬೇರಿಂಗ್ ಇದ್ದೂ ಹೀಗೇಕಾಯಿತು? ಬೇರಿಂಗ್ ಒರಗುವುದು ಒಂದೇ ಜಾಗದಲ್ಲಿ. ಯಂತ್ರ ವಾಲಿದರೆ ಅದೇ ಕೀಲಾಗಿ, ಅದರ ಮೇಲಿನ ಅಲಗು ಹಲಗೆಯೊಳಗೆ ಬಾಗುತ್ತದೆ. ಬೇರಿಂಗಿನಿಂದ 11 ಮಿ.ಮೀ. ಮೇಲೆ 3 ಡಿಗ್ರಿ ವಾಲಿಕೆ ಎಂದರೆ 11 × tan 3°, ಅಂದರೆ ಸುಮಾರು 0.6 ಮಿ.ಮೀ. ವಿನೀರಿನ ದಪ್ಪ 0.5. ತ್ರಿಕೋನಮಿತಿಯನ್ನು ಪರೀಕ್ಷೆಗೆಂದು ಓದಿದ್ದೆ. ಅದು ಹೀಗೆ ಎದುರು ಬರುತ್ತದೆ ಎಂದುಕೊಂಡಿರಲಿಲ್ಲ.

ಮಾಮು ಬಂದರು. ನಾನೇ ಹೇಳಿದೆ. ಅವರು ಬೆರಳಿನಿಂದ ಆ ಗುಳಿಯನ್ನು ಸವರಿ ನೋಡಿದರು, ಬೈಯಲಿಲ್ಲ. ಗಿರಾಕಿಗೆ ಫೋನ್ ಮಾಡಿ ಎರಡು ದಿನ ಹೆಚ್ಚು ಕೇಳಿದರು. ಕಾರಣ ಕೇಳಿದಾಗ "ನಮ್ಮ ಕಡೆಯಿಂದಲೇ ತಪ್ಪಾಗಿದೆ" ಎಂದರು, ನನ್ನ ಹೆಸರು ಹೇಳಲಿಲ್ಲ. ಬೈದಿದ್ದರೇ ಹಗುರ ಅನ್ನಿಸುತ್ತಿತ್ತು. ಆ ಸಂಜೆ ಚೂರು ಪ್ಲೈವುಡ್ ತುಂಡುಗಳಿಗೆ ಪಟ್ಟಿ ಅಂಟಿಸಿ, "ನಾಳೆ ಇವು ಹತ್ತನ್ನೂ ಮಾಡು" ಎಂದರು.

ಮಾಮು ತೋರಿಸಿದ ಎರಡು ದಾರಿ

ಮೊದಲನೆಯದು, ಯಂತ್ರಕ್ಕೆ ಕೂರಲು ಜಾಗ ಕೊಡುವುದು. ಸುಮಾರು ಮೂರು ಇಂಚು ದಪ್ಪದ ನೇರವಾದ ಮರದ ತುಂಡನ್ನು ಹಲಗೆಯ ಹಿಂಬದಿಗೆ, ಪಟ್ಟಿಯ ಮೇಲ್ಮೈಗೆ ಸರಿಸಮನಾಗಿ ಕ್ಲ್ಯಾಂಪ್ ಮಾಡುವುದು. ಹಿಂಬದಿಯಲ್ಲೂ ಪಟ್ಟಿ ಹೊರಚಾಚಿರುವುದರಿಂದ, ಹಲಗೆಗೂ ಮರಕ್ಕೂ ನಡುವೆ ಎರಡು ಚೂರು ಮೈಕಾ ಇಡುತ್ತಾರೆ. ಈಗ ಯಂತ್ರದ ತಳಕ್ಕೆ ಸಾಕಷ್ಟು ಅಗಲದ ಆಸನ ಸಿಕ್ಕಿತು. ಹಲಗೆಯ ಕಡೆಗೆ ವಾಲಲು ದಾರಿಯೇ ಇಲ್ಲ.

ಎರಡನೆಯದು, ಹಲಗೆಯನ್ನು ಮಲಗಿಸಿ ಅದರ ಅಗಲವಾದ ಮುಖದ ಮೇಲೆಯೇ ಯಂತ್ರ ಓಡಿಸುವುದು. ಆದರೆ ಎದ್ದಿರುವ ಪಟ್ಟಿ ತಳಕ್ಕೆ ತಾಗುತ್ತದೆ. ಅದಕ್ಕೆ ಯಂತ್ರದ ತಳದ ಒಂದು ಭಾಗಕ್ಕೆ 12 ಮಿ.ಮೀ. ಪ್ಲೈವುಡ್ ತುಂಡನ್ನು ಸ್ಕ್ರೂ ಮಾಡಿ, ಬಿಟ್ ಇರುವ ಕಡೆ ಖಾಲಿ ಬಿಡುತ್ತಾರೆ. ಇಲ್ಲಿ ಬೇರಿಂಗ್ ಇಲ್ಲದ, ತುದಿ ಚಪ್ಪಟೆಯಾದ ನೇರ ಬಿಟ್ ಬೇಕು. ಪ್ಲಗ್ ತೆಗೆದು, ಸಮವಾದ ಹಲಗೆಯ ಮೇಲೆ ಒಂದು ಹಾಳೆ ನೋಟ್‌ಬುಕ್ ಕಾಗದ ಇಟ್ಟು, ಬಿಟ್‌ನ ತುದಿ ಅದಕ್ಕೆ ತಾಗುವವರೆಗೆ ಇಳಿಸಿ ಬಿಗಿಯಬೇಕು. ಆಗ ಪಟ್ಟಿ ಕಾಗದದ ದಪ್ಪದಷ್ಟು, ಸುಮಾರು 0.1 ಮಿ.ಮೀ. ಮಾತ್ರ ಎತ್ತರ ಉಳಿಯುತ್ತದೆ. ಅದನ್ನು ಮರದ ತುಂಡಿಗೆ ಸುತ್ತಿದ 180 ನಂಬರಿನ ಸ್ಯಾಂಡ್‌ಪೇಪರಿನಿಂದ ನಾರಿನ ಉದ್ದಕ್ಕೆ ಉಜ್ಜಿ ಮುಗಿಸುತ್ತಾರೆ. ಉದ್ದ ಹಲಗೆಗೆ ಮಾಮುವಿಗೆ ಇದೇ ಇಷ್ಟ. ಕೊನೆಯ ಕೂದಲೆಳೆಯನ್ನು ಅವರು ಯಂತ್ರಕ್ಕೆ ಬಿಡುವುದಿಲ್ಲ.

ನೆನಪಿಡಬೇಕಾದ ಕೆಲವು ಮಾತು

ಒಣಗಿದ ಅಂಟಿನ ಹನಿಗಳನ್ನು ಮೊದಲೇ ಉಳಿಯಿಂದ ಕೆರೆದು ತೆಗೆಯಬೇಕು. ಬೇರಿಂಗ್ ಹನಿಯ ಮೇಲೆ ಹತ್ತಿದರೆ ಆ ಜಾಗದಲ್ಲಿ ಪಟ್ಟಿಯೂ ಉಬ್ಬಿಯೇ ಉಳಿಯುತ್ತದೆ. ಬೇರಿಂಗ್ ಸರಾಗವಾಗಿ ತಿರುಗುತ್ತಿದೆಯೇ ನೋಡಬೇಕು. ಅಂಟು ಮೆತ್ತಿ ಸಿಕ್ಕಿಕೊಂಡರೆ ಅದು ಮುಖವನ್ನೇ ಸುಡುತ್ತದೆ. ವಯರನ್ನು ಮೊದಲೇ ಹೆಗಲ ಮೇಲೆ ಹಾಕಿಕೊಳ್ಳಬೇಕು. ಬಿಟ್ ಬದಲಿಸುವಾಗ ಪ್ಲಗ್ ಹೊರಗಿರಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಬೇಕು, ಸಡಿಲ ತೋಳಿನ ಅಂಗಿ ಬೇಡ.

ಯಂತ್ರ ಬಂದರೆ ಕೈಯ ಕೌಶಲ ಬೇಡ ಎಂದು ನಾನು ತಿಳಿದಿದ್ದೆ. ಯಂತ್ರಕ್ಕೆ ಕಣ್ಣಿಲ್ಲ. ತಾನು ಯಾವುದಕ್ಕೆ ಒರಗಿದೆಯೋ ಅದನ್ನೇ ಅನುಸರಿಸುತ್ತದೆ. ಒರಗುವ ಜಾಗ ಗಟ್ಟಿಯಾಗಿದ್ದರೆ ಕೆಲಸ ನೇರ, ಇಲ್ಲದಿದ್ದರೆ ಸೊಟ್ಟ. ಆ ಜಾಗವನ್ನು ಸಿದ್ಧಮಾಡುವುದೇ ಬಡಗಿಯ ಕೆಲಸ. ಮಾಮು ಕ್ಲ್ಯಾಂಪ್ ಬಿಗಿಯಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ, ಕತ್ತರಿಸಲು ಎರಡು ನಿಮಿಷ.

ಗಿರಾಕಿಗೆ ಹೊಸ ಹಲಗೆಯಲ್ಲಿ ಟೇಬಲ್ ಹೋಯಿತು. ಹೊಸ ಹಲಗೆಯ ಹಣಕ್ಕೆ ನನ್ನ ರಜೆಯ ಸಂಬಳ ಸೇರಿತು, ಅದು ನಾನಾಗಿಯೇ ಕೇಳಿಕೊಂಡದ್ದು. ಕೆಟ್ಟ ಹಲಗೆಗೆ ಕಾಲು ಜೋಡಿಸಿ ಮಾಮು ನಮ್ಮ ಮನೆಗೆ ಕಳಿಸಿದರು. ಅದರ ಉಳಿದ ಮೂರು ಬದಿಗಳನ್ನು ಸಮ ಮಾಡಿದ್ದು ನಾನೇ, ಹತ್ತು ತುಂಡು ಮುಗಿಸಿದ ಮೇಲೆ. ಈಗ ನಾನೂ ನನ್ನ ತಂಗಿಯೂ ಅದರ ಮೇಲೆಯೇ ಓದುವುದು. ಈ ಲೇಖನ ಬರೆದದ್ದೂ ಅಲ್ಲೇ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ