ಜೇಬಿನಿಂದ ಕಿವಿಗೆ: ವೈರ್‌ಲೆಸ್ ಹೆಡ್‌ಸೆಟ್ ಕೆಲಸ ಮಾಡುವ ಬಗೆ

ಮೊಬೈಲ್ ಫೋನಿನ ಜೊತೆ ಬಳಸುವ ವೈರ್‌ಲೆಸ್ ಹೆಡ್‌ಸೆಟ್ ಎಂದರೆ ಕೇಳಿಸಿಕೊಳ್ಳಲೂ ಮಾತಾಡಲೂ ಬಲ್ಲ ಒಂದು ಪುಟ್ಟ ರೇಡಿಯೊ. ಅದರೊಳಗೆ ಆಂಟೆನಾ, ರೇಡಿಯೊ ಅಲೆಗಳನ್ನು ಕಳಿಸುವ ಮತ್ತು ಹಿಡಿಯುವ ಚಿಪ್, ಸ್ಪೀಕರ್, ಮೈಕ್, ಇವನ್ನೆಲ್ಲ ನಡೆಸುವ ಲಿಥಿಯಂ-ಅಯಾನ್ ಬ್ಯಾಟರಿ ಇರುತ್ತವೆ. ಕಿವಿಯೊಳಗೆ ಕೂರುವ ಇಯರ್‌ಬಡ್ ಇರಲಿ, ಕೊರಳಿಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡ್ ಇರಲಿ, ಒಳಗಿನ ಸರಕು ಹೆಚ್ಚುಕಡಿಮೆ ಇದೇ. ಹಾಡು ತುಂಡುತುಂಡಾಗಿ ಕೇಳುತ್ತದೆ, ಕರೆ ಬಂದೊಡನೆ ಸದ್ದು ಮಂಕಾಗುತ್ತದೆ, ವಿಡಿಯೊದಲ್ಲಿ ತುಟಿಗೂ ಮಾತಿಗೂ ಹೊಂದುವುದಿಲ್ಲ ಎಂದು ಹೆಡ್‌ಸೆಟ್ಟನ್ನು ರಿಪೇರಿಗೆ ಒಯ್ಯುವವರು ಬಹಳ. ಇವುಗಳಲ್ಲಿ ಎಷ್ಟೋ ತೊಂದರೆಗಳು ಯಂತ್ರದ ದೋಷವಲ್ಲ. ಫೋನಿಗೂ ಕಿವಿಗೂ ನಡುವೆ ನಡೆಯುವ ರೇಡಿಯೊ ವ್ಯವಹಾರದ ಸ್ವಭಾವವೇ ಹಾಗೆ.

ಈ ವ್ಯವಹಾರಕ್ಕೆ ಬಳಕೆಯಾಗುವ ತಂತ್ರಜ್ಞಾನ ಬ್ಲೂಟೂತ್. ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್ಸನ್ ಕಂಪನಿಯ ಎಂಜಿನಿಯರುಗಳಾದ ಯಾಪ್ ಹಾರ್ಟ್‌ಸೆನ್ ಮತ್ತು ಸ್ವೆನ್ ಮ್ಯಾಟಿಸನ್ 1994ರ ಸುಮಾರಿಗೆ ಇದರ ಕೆಲಸ ಕೈಗೆತ್ತಿಕೊಂಡರು. ಫೋನಿಗೂ ಅದರ ಸುತ್ತಲಿನ ಸಲಕರಣೆಗಳಿಗೂ ನಡುವಿನ ತಂತಿಯನ್ನು ತೆಗೆದುಹಾಕುವುದು ಅವರ ಗುರಿಯಾಗಿತ್ತು. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ ಮತ್ತು ತೋಷಿಬಾ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಯಾವ ಕಂಪನಿಯ ಫೋನಿಗಾದರೂ ಯಾವ ಕಂಪನಿಯ ಹೆಡ್‌ಸೆಟ್ ಆದರೂ ಹೊಂದುವುದು ಸಾಧ್ಯವಾದದ್ದು ಈ ಒಕ್ಕೂಟ ಕಾಯ್ದುಕೊಂಡು ಬಂದಿರುವ ಮಾನಕದಿಂದ.

ಬ್ಲೂಟೂತ್ ಬಳಸುವುದು 2.4 ಗಿಗಾಹರ್ಟ್ಜ್‌ನಿಂದ 2.4835 ಗಿಗಾಹರ್ಟ್ಜ್‌ವರೆಗಿನ ರೇಡಿಯೊ ಪಟ್ಟಿಯನ್ನು. ಕಡಿಮೆ ಶಕ್ತಿಯ ಸಲಕರಣೆಗಳು ಪರವಾನಗಿ ಇಲ್ಲದೆ ಈ ಪಟ್ಟಿಯನ್ನು ಬಳಸಲು ಭಾರತದಲ್ಲಿ 2005ರಿಂದ ಅವಕಾಶವಿದೆ. ಪರವಾನಗಿ ಬೇಡವೆಂದ ಮೇಲೆ ಜನಸಂದಣಿಯೂ ಜಾಸ್ತಿ. ಮನೆಯ ವೈಫೈ ಇಲ್ಲಿದೆ, ಮೈಕ್ರೋವೇವ್ ಓವನ್ನಿನಿಂದ ಸೋರುವ ಅಲೆ ಇಲ್ಲಿದೆ, ಪಕ್ಕದ ಸೀಟಿನವರ ಇಯರ್‌ಬಡ್ಡೂ ಇಲ್ಲಿದೆ. ಈ ಗದ್ದಲದಲ್ಲಿ ಒಂದೇ ಚಾನೆಲ್ಲಿಗೆ ಅಂಟಿಕೊಂಡರೆ ಮಾತು ಮುಟ್ಟುವುದಿಲ್ಲ. ಆದ್ದರಿಂದ ಫೋನೂ ಹೆಡ್‌ಸೆಟ್ಟೂ ಜೊತೆಯಾಗಿ ಚಾನೆಲ್ಲಿನಿಂದ ಚಾನೆಲ್ಲಿಗೆ ಜಿಗಿಯುತ್ತಲೇ ಇರುತ್ತವೆ. ಪಟ್ಟಿಯನ್ನು 79 ಚಾನೆಲ್‌ಗಳಾಗಿ ಹಂಚಿದ್ದು, ಸೆಕೆಂಡಿಗೆ 1600 ಸಲದವರೆಗೆ ಜಿಗಿತ ನಡೆಯುತ್ತದೆ. ಅಂದರೆ ಒಂದು ಚಾನೆಲ್ಲಿನಲ್ಲಿ ನಿಲ್ಲುವ ಅವಧಿ 625 ಮೈಕ್ರೋಸೆಕೆಂಡ್. ಜಿಗಿತದ ಕ್ರಮವನ್ನು ಫೋನಿನ ಬ್ಲೂಟೂತ್ ವಿಳಾಸ ಮತ್ತು ಅದರ ಒಳಗಡಿಯಾರ ನಿರ್ಧರಿಸುತ್ತವೆ. ಹೆಡ್‌ಸೆಟ್ ತನ್ನ ಗಡಿಯಾರವನ್ನು ಅದಕ್ಕೆ ಹೊಂದಿಸಿಕೊಂಡು ಹಿಂಬಾಲಿಸುತ್ತದೆ. 2003ರಿಂದ ಇನ್ನೊಂದು ಜಾಣ್ಮೆ ಸೇರಿತು. ವೈಫೈ ಆಕ್ರಮಿಸಿಕೊಂಡಿರುವ ಚಾನೆಲ್‌ಗಳು ಯಾವುವೆಂದು ಗುರುತಿಸಿ, ಅವನ್ನು ಬಿಟ್ಟು ಉಳಿದವುಗಳಲ್ಲಿ ಮಾತ್ರ ಜಿಗಿಯುವುದು.

ಕಂಪನಾಂಕ ಜಿಗಿತದ ಕಲ್ಪನೆ ಬ್ಲೂಟೂತಿಗಿಂತ ಹಳೆಯದು. ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ 1942ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ರೇಡಿಯೊ ಮೂಲಕ ನಡೆಸುವ ಟಾರ್ಪಿಡೊಗಳ ಸಂಕೇತವನ್ನು ಶತ್ರುಗಳು ಕೆಡಿಸದಂತೆ 88 ಕಂಪನಾಂಕಗಳ ನಡುವೆ ಜಿಗಿಸುವ ಯೋಜನೆ ಅದು. 88 ಎಂಬುದು ಪಿಯಾನೊದ ಕೀಲಿಗಳ ಸಂಖ್ಯೆ. ಬ್ಲೂಟೂತ್ ನೇರವಾಗಿ ಆ ಪೇಟೆಂಟಿನಿಂದ ಹುಟ್ಟಿದ್ದಲ್ಲ, ಆದರೆ ಮೂಲ ಉಪಾಯ ಒಂದೇ.

2.4 ಗಿಗಾಹರ್ಟ್ಜ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ನೀರು ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಮನುಷ್ಯನ ದೇಹದಲ್ಲಿ ಹೆಚ್ಚಿನ ಪಾಲು ನೀರೇ. ಪ್ಯಾಂಟಿನ ಹಿಂದಿನ ಎಡಜೇಬಿನಲ್ಲಿ ಫೋನಿಟ್ಟು ಬಲಗಿವಿಗೆ ಮಾತ್ರ ಇಯರ್‌ಬಡ್ ಹಾಕಿಕೊಂಡರೆ ಸಂಕೇತ ಇಡೀ ಮೈಯನ್ನು ದಾಟಬೇಕಾಗುತ್ತದೆ. ಕೋಣೆಯೊಳಗೆ ಇದು ಅಷ್ಟಾಗಿ ಗೊತ್ತಾಗದು, ಏಕೆಂದರೆ ಗೋಡೆಗೂ ಚಾವಣಿಗೂ ತಾಗಿ ಪ್ರತಿಫಲಿಸಿದ ಅಲೆ ಬಳಸುದಾರಿಯಲ್ಲಿ ಕಿವಿ ಮುಟ್ಟುತ್ತದೆ. ಬಯಲಿನಲ್ಲಿ ಹಾಗೆ ಮರಳಿಸುವ ಗೋಡೆಗಳಿಲ್ಲ. ಮನೆಯಲ್ಲಿ ಚೆನ್ನಾಗಿದ್ದ ಹೆಡ್‌ಸೆಟ್ ಮೈದಾನದಲ್ಲಿ ವಾಕಿಂಗ್ ಹೊರಟಾಗ ಕಡಿಕಡಿದು ಕೇಳುವ ರಹಸ್ಯ ಇದು. ಫೋನನ್ನು ಅಂಗಿಯ ಜೇಬಿಗೆ ಬದಲಿಸಿದರೆ ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಎರಡು ಇಯರ್‌ಬಡ್‌ಗಳ ನಡುವೆ ತಲೆಯೇ ಅಡ್ಡ ನಿಲ್ಲುವುದೂ ತಯಾರಕರಿಗೆ ದೊಡ್ಡ ಸವಾಲಾಗಿತ್ತು. ಕೆಲವರು ಒಂದು ಕಿವಿಯಿಂದ ಇನ್ನೊಂದಕ್ಕೆ ಸಂಕೇತ ದಾಟಿಸಲು ರೇಡಿಯೊ ಬದಲು ದೇಹ ಹೀರದ ಕಾಂತಕ್ಷೇತ್ರವನ್ನು ಬಳಸಿದರು. ಫೋನ್ ಒಂದು ಬಡ್‌ಗೆ ಕಳಿಸುವುದನ್ನು ಇನ್ನೊಂದು ತಾನೂ ಆಲಿಸುವ ಉಪಾಯ ಈಗ ಹೆಚ್ಚು ರೂಢಿಯಲ್ಲಿದೆ.

ಫೋನೂ ಹೆಡ್‌ಸೆಟ್ಟೂ ಮೊದಲ ಸಲ ಪರಿಚಯ ಮಾಡಿಕೊಳ್ಳುವ ಕ್ರಿಯೆಗೆ ಪೇರಿಂಗ್ ಎನ್ನುತ್ತಾರೆ. ಹಿಂದೆ ಇದಕ್ಕೆ 0000ದಂಥ ಸಂಖ್ಯೆ ಒತ್ತಬೇಕಿತ್ತು. 2007ರಲ್ಲಿ ಬಂದ 2.1 ಆವೃತ್ತಿಯಿಂದ ಎರಡೂ ಸಾಧನಗಳು ಗಣಿತದ ಮೂಲಕ ತಾವೇ ಒಂದು ಗುಪ್ತ ಕೀಲಿಯನ್ನು ರೂಪಿಸಿಕೊಳ್ಳುತ್ತವೆ, ಅದನ್ನು ನೆನಪಿಟ್ಟುಕೊಳ್ಳುತ್ತವೆ. ಮುಂದಿನ ಸಲ ಕೇಸಿನಿಂದ ತೆಗೆದ ಕೂಡಲೇ ಜೋಡಣೆಯಾಗುವುದು ಈ ನೆನಪಿನಿಂದ. ಮನೆಯಲ್ಲಿ ಇನ್ನೊಬ್ಬರ ಫೋನಿಗೆ ಹೆಡ್‌ಸೆಟ್ ತಾನಾಗಿ ಅಂಟಿಕೊಳ್ಳುವುದಕ್ಕೂ ಕಾರಣ ಅದೇ. ಆ ಫೋನಿನ ಪಟ್ಟಿಯಿಂದ ಹೆಡ್‌ಸೆಟ್ಟಿನ ಹೆಸರನ್ನು ತೆಗೆದರೆ ಸರಿಹೋಗುತ್ತದೆ.

ಬಳಕೆದಾರರನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲಗೊಳಿಸುವುದು ಸದ್ದಿನ ಗುಣಮಟ್ಟ. ಹಾಡು ಕೇಳಲು ಒಂದು, ಮಾತಾಡಲು ಇನ್ನೊಂದು ಎಂದು ಬ್ಲೂಟೂತಿನಲ್ಲಿ ಎರಡು ಬೇರೆ ವ್ಯವಸ್ಥೆಗಳಿವೆ. ಹಾಡು ಒಂದೇ ದಿಕ್ಕಿನ ಹರಿವು. ಸಿ.ಡಿ.ಯಲ್ಲಿ ಸಂಗೀತಕ್ಕೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಸದ್ದನ್ನು ಕುಗ್ಗಿಸಿ ಮತ್ತೆ ಹಿಗ್ಗಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಬ್ಲೂಟೂತಿನ ಮೂಲ ಕೋಡೆಕ್ ಆದ ಎಸ್‌ಬಿಸಿ ಆ ಸಂಗೀತವನ್ನು ಸಾಮಾನ್ಯವಾಗಿ 328 ಕಿಲೋಬಿಟ್‌ಗೆ ಕುಗ್ಗಿಸಿ ಕಳಿಸುತ್ತದೆ. ಎಲ್‌ಡಿಎಸಿ ಕೋಡೆಕ್ 990 ಕಿಲೋಬಿಟ್‌ವರೆಗೂ ಹೋಗಬಲ್ಲದು. ಆದರೆ ಮೈಕ್ ತೆರೆದ ಕ್ಷಣ ಸಂಪರ್ಕ ಎರಡನೇ ವ್ಯವಸ್ಥೆಗೆ ಬದಲಾಗುತ್ತದೆ. ಇಲ್ಲಿ ಎರಡೂ ದಿಕ್ಕಿಗೆ ತಡವಿಲ್ಲದೆ ಮಾತು ಹರಿಯಬೇಕು, ಪ್ರತಿ ದಿಕ್ಕಿಗೂ ಸಿಗುವುದು ಸೆಕೆಂಡಿಗೆ 64 ಕಿಲೋಬಿಟ್ ಮಾತ್ರ, ಅದೂ ಒಂದೇ ಧ್ವನಿವಾಹಿನಿ. ಹಳೆಯ ಕ್ರಮದಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುವುದರಿಂದ 4000 ಹರ್ಟ್ಜ್‌ಗಿಂತ ಮೇಲಿನ ಸದ್ದು ಕಿವಿಗೆ ಬರುವುದೇ ಇಲ್ಲ. ‘ಸ’ಕಾರದಲ್ಲಿರುವ ಸೀಟಿಯಂಥ ಅಂಶದ ಬಹುಪಾಲು ಅದಕ್ಕಿಂತ ಮೇಲಿರುವ ಕಾರಣ ‘ಸ’ ಮತ್ತು ‘ಫ’ ಒಂದಕ್ಕೊಂದು ಬೆರೆತುಹೋಗುತ್ತವೆ. ಸೆಕೆಂಡಿಗೆ 16,000 ಸಲ ಅಳೆಯುವ ಹೊಸ ಕ್ರಮ ಮಾತಿಗೆ ಸಾಕಷ್ಟು ಸ್ಪಷ್ಟತೆ ತಂದಿದೆ, ಸಂಗೀತಕ್ಕೆ ಅದೂ ಸಾಲದು. ಆನ್‌ಲೈನ್ ಸಂಗೀತ ಪಾಠದಲ್ಲಿ ಗುರುಗಳ ತಂಬೂರಿ ಮಂಕಾಗಿ ಕೇಳುವುದು ಹೀಗೆ. ಹೆಡ್‌ಸೆಟ್ಟನ್ನು ಕೇಳಲು ಮಾತ್ರ ಇಟ್ಟುಕೊಂಡು, ಮಾತಿಗೆ ಫೋನಿನದೇ ಮೈಕ್ ಆರಿಸಲು ಆ್ಯಪ್‌ನಲ್ಲಿ ಅವಕಾಶವಿದ್ದರೆ ಮೊದಲ ವ್ಯವಸ್ಥೆಯೇ ಮುಂದುವರಿದು ನಾದ ಉಳಿಯುತ್ತದೆ.

ಕುಗ್ಗಿಸುವುದಕ್ಕೆ, ಕೂಡಿಟ್ಟುಕೊಳ್ಳುವುದಕ್ಕೆ, ಮತ್ತೆ ಹಿಗ್ಗಿಸುವುದಕ್ಕೆ ಸಮಯ ಹಿಡಿಯುತ್ತದೆ. ಎಸ್‌ಬಿಸಿಯಲ್ಲಿ ಇದು 150ರಿಂದ 250 ಮಿಲಿಸೆಕೆಂಡ್ ಆಗುವುದು ಸಾಮಾನ್ಯ. ವಿಡಿಯೊ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸುತ್ತವೆ. ಆಟಗಳಲ್ಲಿ, ಫೋನಿನ ಪರದೆಯ ಮೇಲೆ ಕೀಬೋರ್ಡ್ ನುಡಿಸುವಾಗ ಹಾಗೆ ಮಾಡಲಾಗದು. ಅಲ್ಲಿ ತಂತಿಯ ಇಯರ್‌ಫೋನೇ ಮೇಲು.

ಗದ್ದಲ ತಗ್ಗಿಸುವ ತಂತ್ರದಲ್ಲೂ ಎರಡು ಬಗೆ. ಅಂಗಡಿಯಲ್ಲಿ ಕೊಳ್ಳುವಾಗ ಇವೆರಡನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ. ಒಂದು ತಂತ್ರ ಹಲವು ಮೈಕ್‌ಗಳಿಗೆ ಬಿದ್ದ ಸದ್ದನ್ನು ಹೋಲಿಸಿ, ಬಾಯಿಯ ದಿಕ್ಕಿನಿಂದ ಬಂದದ್ದನ್ನು ಮಾತ್ರ ಉಳಿಸುತ್ತದೆ. ಇದರ ಲಾಭ ಕರೆಯ ಆಚೆ ತುದಿಯಲ್ಲಿರುವವರಿಗೆ. ಇನ್ನೊಂದು, ಹೊರಗಿನ ಸದ್ದಿಗೆ ಸರಿಯಾಗಿ ತಿರುಗುಮುರುಗಾದ ಸದ್ದನ್ನು ಸ್ಪೀಕರಿನಲ್ಲಿ ಹುಟ್ಟಿಸಿ ಎರಡನ್ನೂ ಪರಸ್ಪರ ಅಳಿಸುತ್ತದೆ. ಇದರ ಲಾಭ ಧರಿಸಿದವರಿಗೆ. ಈ ಎರಡನೆಯದಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. 1978ರಲ್ಲಿ ವಿಮಾನಯಾನವೊಂದರ ವೇಳೆ ಎಂಜಿನ್ ಸದ್ದಿನಿಂದ ಬೇಸತ್ತ, ಬೋಸ್ ಕಂಪನಿಯ ಸ್ಥಾಪಕ ಅಮರ್ ಬೋಸ್ ಇದರ ಬೆನ್ನುಹತ್ತಿ, 1989ರಲ್ಲಿ ಪೈಲಟ್‌ಗಳಿಗಾಗಿ ಹೆಡ್‌ಸೆಟ್ ಹೊರತಂದರು. ಒಂದೇ ಸಮನೆ ಮೊರೆಯುವ ತಗ್ಗುಸ್ವರವನ್ನು ಈ ತಂತ್ರ ಚೆನ್ನಾಗಿ ಅಳಿಸುತ್ತದೆ. ಥಟ್ಟನೆ ಏಳುವ ತಾರಸ್ವರದ ಮುಂದೆ ಅದರ ಆಟ ಕಡಿಮೆ. ಬಸ್ಸಿನ ಎಂಜಿನ್ ಮೊರೆತ ಮಾಯವಾದರೂ ಕಂಡಕ್ಟರ್ ಸೀಟಿ ಕೇಳಿಯೇ ಕೇಳುತ್ತದೆ.

ಕಿವಿಯಲ್ಲಿ ಸದಾ ರೇಡಿಯೊ ಇರುವುದು ಅಪಾಯವೇ ಎಂಬ ಆತಂಕಕ್ಕೆ ಅಂಕಿಗಳೇ ಉತ್ತರ ಹೇಳುತ್ತವೆ. ಹತ್ತು ಮೀಟರ್ ದೂರಕ್ಕೆಂದು ರೂಪಿಸಿದ ಬ್ಲೂಟೂತ್ ಸಾಧನದ ಗರಿಷ್ಠ ಪ್ರಸಾರ ಶಕ್ತಿ 2.5 ಮಿಲಿವಾಟ್. ಟವರ್ ದೂರವಿದ್ದಾಗ 4ಜಿ ಫೋನ್ ಸುಮಾರು 200 ಮಿಲಿವಾಟ್‌ವರೆಗೆ ಏರಬಲ್ಲದು. ಫೋನನ್ನು ಕಿವಿಗೆ ಒತ್ತಿ ಹಿಡಿಯುವುದಕ್ಕಿಂತ ದೂರವಿಟ್ಟು ಹೆಡ್‌ಸೆಟ್ಟಿನಲ್ಲಿ ಮಾತಾಡಿದರೆ ತಲೆಗೆ ತಾಗುವ ರೇಡಿಯೊ ಶಕ್ತಿ ಕಡಿಮೆಯೇ.

ಚಿಂತಿಸಬೇಕಾದದ್ದು ಅಲೆಯ ಬಗ್ಗೆ ಅಲ್ಲ, ಸದ್ದಿನ ಬಗ್ಗೆ. ಒಳಕಿವಿಯಲ್ಲಿ ಸದ್ದನ್ನು ನರಗಳಿಗೆ ಮುಟ್ಟಿಸುವ ಕೇಶಕೋಶಗಳು ಹುಟ್ಟುವಾಗಲೇ ಸುಮಾರು 15,000. ಒಮ್ಮೆ ಸತ್ತರೆ ಅವು ಮತ್ತೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ, ಮಕ್ಕಳಿಗೆ 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿಕೆಗೂ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್‌ನಲ್ಲಿ ವಾರಕ್ಕೆ ನಾಲ್ಕೇ ಗಂಟೆ. ಸುತ್ತಲಿನ ಗಲಾಟೆಯನ್ನು ಮೀರಿಸಲು ಸದ್ದು ಏರಿಸುತ್ತ ಹೋಗುವುದೇ ಕಿವಿಗೆ ಮುಳುವು. ಪೆಟ್ಟಿಗೆಯಲ್ಲಿ ಬರುವ ಬೇರೆ ಬೇರೆ ಅಳತೆಯ ರಬ್ಬರ್ ಟಿಪ್‌ಗಳಲ್ಲಿ ಸರಿಯಾಗಿ ಕೂರುವುದನ್ನು ಆರಿಸಿಕೊಂಡರೆ ಹೊರಗಿನ ಸದ್ದು ತಾನಾಗಿ ತಗ್ಗಿ, ಕಡಿಮೆ ವಾಲ್ಯೂಮ್ ಸಾಕಾಗುತ್ತದೆ.

ವಾಹನ ನಡೆಸುವಾಗ ಹೆಡ್‌ಸೆಟ್ ಬಳಸಿದರೆ ಕೈ ಬಿಡುವಾಗಬಹುದು, ಮನಸ್ಸು ಬಿಡುವಾಗುವುದಿಲ್ಲ. ಮಾತಿನಲ್ಲಿ ಮುಳುಗಿದ ಚಾಲಕರು ಕಣ್ಣೆದುರಿಗಿದ್ದದ್ದನ್ನೂ ಗಮನಿಸದೆ ಹೋಗುತ್ತಾರೆ ಎಂಬುದನ್ನು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ರಸ್ತೆ ದಾಟುವವರಿಗೆ, ರೈಲುಹಳಿಯ ಬದಿ ನಡೆಯುವವರಿಗೆ ಎರಡೂ ಕಿವಿ ಮುಚ್ಚಿಕೊಳ್ಳುವುದು ಪ್ರಾಣಾಪಾಯ.

ನಿರ್ವಹಣೆಯ ಕೆಲಸ ಹೆಚ್ಚಿಲ್ಲ. ಒಂದು ಬಡ್ ಚಾರ್ಜ್ ಆಗದಿದ್ದರೆ, ಬ್ಯಾಟರಿ ಕೆಟ್ಟಿತೆಂದುಕೊಳ್ಳುವ ಮೊದಲು, ಕೇಸಿನೊಳಗಿನ ಲೋಹದ ಚುಕ್ಕೆಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಬೇಕು. ಬೆವರು, ಕಿವಿಯ ಗುಗ್ಗೆ ಅಲ್ಲಿ ಕೂತು ಸಂಪರ್ಕ ತಪ್ಪಿಸಿರುತ್ತವೆ. ಸ್ಪೀಕರಿನ ಜಾಲರಿಗೆ ಗುಗ್ಗೆ ಕಟ್ಟಿದರೆ ಒಂದು ಕಿವಿಯಲ್ಲಿ ಸದ್ದು ಕ್ಷೀಣಿಸುತ್ತದೆ.

2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊ ಎಂಬ ಹೊಸ ಮಾನಕ ಮೇಲಿನ ಹಲವು ಮಿತಿಗಳನ್ನು ಬುಡದಲ್ಲೇ ಸರಿಪಡಿಸಲು ಹೊರಟಿದೆ. ಅದರ ಎಲ್‌ಸಿ3 ಕೋಡೆಕ್ ಕಡಿಮೆ ಬಿಟ್‌ಗಳಲ್ಲಿ ಎಸ್‌ಬಿಸಿಗಿಂತ ಉತ್ತಮ ಸದ್ದು ಕೊಡುತ್ತದೆ, ಎರಡೂ ಕಿವಿಗೆ ಫೋನಿನಿಂದಲೇ ಬೇರೆ ಬೇರೆ ಹರಿವು ಹೋಗುತ್ತದೆ, ಮೈಕ್ ತೆರೆದಾಗಲೂ ಗುಣಮಟ್ಟ ಹಿಂದಿನಷ್ಟು ಕುಸಿಯಬೇಕಾಗಿಲ್ಲ. ಶ್ರವಣಸಾಧನಗಳನ್ನೂ ಇದೇ ಮಾನಕದೊಳಗೆ ತಂದಿರುವುದು ಎಲ್ಲಕ್ಕಿಂತ ಸಂತಸದ ಬೆಳವಣಿಗೆ. ಸಭಾಂಗಣದಲ್ಲೋ ರೈಲು ನಿಲ್ದಾಣದಲ್ಲೋ ಒಂದೇ ಪ್ರಸಾರವನ್ನು ಅಲ್ಲಿರುವ ಎಲ್ಲರೂ ತಮ್ಮ ತಮ್ಮ ಇಯರ್‌ಬಡ್ ಅಥವಾ ಶ್ರವಣಸಾಧನದಲ್ಲಿ ಕೇಳುವ ಆರಾಕಾಸ್ಟ್ ವ್ಯವಸ್ಥೆಯೂ ಇದರ ಭಾಗ. ಈ ಅನುಕೂಲಗಳು ಸಿಗಲು ಫೋನೂ ಹೆಡ್‌ಸೆಟ್ಟೂ ಎರಡೂ ಹೊಸ ಮಾನಕಕ್ಕೆ ಹೊಂದಿರಬೇಕು. ಒಂದು ಹಳೆಯದಾದರೆ ಸಂಪರ್ಕ ಸಾಮಾನ್ಯವಾಗಿ ಹಳೆಯ ಕ್ರಮದಲ್ಲೇ ನಡೆಯುತ್ತದೆ.