ಹಂಚು ಕಾಯುತ್ತದೆ, ಎಸರಿಗೆ ನಾವು ಕಾಯುತ್ತೇವೆ

ಸಿಂದಗಿಯಿರಲಿ, ಮುದ್ದೇಬಿಹಾಳವಿರಲಿ, ರೊಟ್ಟಿ ಮಾಡುವ ಹೊತ್ತಿಗೆ ಒಲೆಗೆ ಎರಡು ಏರುತ್ತವೆ: ಜೋಳದ ಹಿಟ್ಟು ನಾದಲು ಎಸರು, ಬೇಯಿಸಲು ಕಬ್ಬಿಣದ ಹಂಚು. ಉರಿ ಒಂದೇ. ಆದರೂ ಹಂಚು ಬೇಗ ಕಾಯುತ್ತದೆ, ಎಸರು ತಡ.

ವಸ್ತು ಎಷ್ಟು ಬಿಸಿಯಾಗಿದೆ ಎಂಬ ಅಳತೆ ತಾಪ. ಥರ್ಮಾಮೀಟರ್ ತೋರಿಸುವುದು ಇದನ್ನೇ. ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹರಿಯುವ ಶಕ್ತಿ ಉಷ್ಣ. ಅದನ್ನು ಜೂಲ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಗ್ರಾಂ ವಸ್ತುವಿನ ತಾಪ ಒಂದು ಡಿಗ್ರಿ ಏರಲು ಬೇಕಾದ ಉಷ್ಣವೇ ಅದರ ವಿಶಿಷ್ಟ ಉಷ್ಣ. ಕಬ್ಬಿಣಕ್ಕೆ ಇದು ಸುಮಾರು 0.45 ಜೂಲ್, ನೀರಿಗೆ 4.18. ಅಂದರೆ ನೀರು ಒಂಬತ್ತು ಪಟ್ಟಿಗೂ ಹೆಚ್ಚು ಬೇಡುತ್ತದೆ.

ಲೆಕ್ಕ ಸರಳ: ತೂಕ, ವಿಶಿಷ್ಟ ಉಷ್ಣ, ತಾಪದ ವ್ಯತ್ಯಾಸ, ಈ ಮೂರನ್ನು ಗುಣಿಸಿ. 200 ಡಿಗ್ರಿಗೆ ಕಾದ ಒಂದು ಕಿಲೋ ಹಂಚನ್ನು 30 ಡಿಗ್ರಿಯ ಐದು ಲೀಟರ್ ನೀರಿಗೆ ಇಳಿಸಿದಿರಿ ಎನ್ನಿ. ಹಂಚು ಕಳೆದುಕೊಂಡದ್ದೂ ನೀರು ಪಡೆದದ್ದೂ ಸಮ. ಆವಿಯಾಗಿ ಹೋದದ್ದನ್ನು ಬಿಟ್ಟರೆ, ಎರಡೂ ನಿಲ್ಲುವುದು ಸುಮಾರು 33.6 ಡಿಗ್ರಿಯಲ್ಲಿ. ಅಷ್ಟು ಸುಡುತ್ತಿದ್ದ ಹಂಚು ನೀರನ್ನು ನಾಲ್ಕು ಡಿಗ್ರಿಯೂ ಏರಿಸಲಿಲ್ಲ!

ಹೊಲದಲ್ಲೂ ಇದೇ ಲೆಕ್ಕ. ಒಣ ಮಣ್ಣಿನ ವಿಶಿಷ್ಟ ಉಷ್ಣ ಸುಮಾರು 0.8 ಜೂಲ್. ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಎರೆಹೊಲ ದಾಟುವುದು ಕಷ್ಟ. ಇಂಡಿಯ ನಿಂಬೆ ತೋಟದಲ್ಲಿ ನೀರು ಬಿಟ್ಟ ಗಿಡದ ಬುಡ ಮಾತ್ರ ಅಷ್ಟು ಸುಡುವುದಿಲ್ಲ. ಹಸಿ ಮಣ್ಣು ಕಾಯಲು ಹೆಚ್ಚು ಉಷ್ಣ ಬೇಕು, ಆವಿಯಾಗುವ ನೀರೂ ಒಂದಿಷ್ಟು ಒಯ್ಯುತ್ತದೆ.

ಬಸವನ ಬಾಗೇವಾಡಿ ಕಡೆಯ ಕೂಡಗಿ ಶಾಖೋತ್ಪನ್ನ ಸ್ಥಾವರದಲ್ಲಿ ತಲಾ 800 ಮೆಗಾವ್ಯಾಟ್‌ನ ಮೂರು ಘಟಕಗಳಿವೆ. ಟರ್ಬೈನ್ ತಿರುಗಿಸಿ ಬಂದ ಉಗಿಯನ್ನು ಮತ್ತೆ ನೀರಾಗಿಸಲು ಅದರ ಉಷ್ಣವನ್ನು ಯಾರಾದರೂ ಹೊರಬೇಕಲ್ಲ? ಆ ಹೊರೆ ನೀರಿನದು. ಅದು ಬರುವುದು ಆಲಮಟ್ಟಿ ಜಲಾಶಯದಿಂದ. ಒಂದು ಟನ್ ನೀರು ಹತ್ತೇ ಡಿಗ್ರಿ ಬಿಸಿಯಾಗುವಷ್ಟರಲ್ಲಿ 41,800 ಕಿಲೋಜೂಲ್ ಹೊತ್ತಿರುತ್ತದೆ. ಅದೇ ತೂಕದ ಕಬ್ಬಿಣ ಹೊರುವುದು 4,500 ಮಾತ್ರ.

ಹೊರುವ ಈ ಗುಣವೇ ಅಡುಗೆಮನೆಯಲ್ಲಿ ಅಪಾಯವೂ ಹೌದು. ಹಂಚು ತಾಗಿದ ಕೈ ತಟ್ಟನೆ ಹಿಂದೆ ಬರುತ್ತದೆ. ಮೈಮೇಲೆ ಚೆಲ್ಲಿದ ಎಸರು ಬಟ್ಟೆಗೆ ಇಂಗಿ, ಚರ್ಮಕ್ಕೆ ಅಂಟಿ, ಹೊತ್ತು ತಂದ ಉಷ್ಣವನ್ನು ಇಳಿಸುತ್ತಲೇ ಇರುತ್ತದೆ. ಎಸರಿನ ಪಾತ್ರೆ ಮಕ್ಕಳ ಕೈಗೆ ಎಟುಕದಿರಲಿ.