ಲ್ಯಾಪ್‌ಟಾಪ್ ಖರೀದಿಗೆ ಮುನ್ನ ಕೀಲಿಮಣೆಯ ಪರಿಶೀಲನೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ನಾಗರಿಕರು ಸೇವಾ ಸಿಂಧು ಮುಂತಾದ ತಾಣಗಳಲ್ಲಿ ಸ್ವತಃ ಅರ್ಜಿ ಸಲ್ಲಿಸಲು ಲ್ಯಾಪ್‌ಟಾಪ್, ವಿಶೇಷವಾಗಿ ಬಳಸಿದ ಲ್ಯಾಪ್‌ಟಾಪ್, ಖರೀದಿಸುವಾಗ ಅದರ ಕೀಲಿಮಣೆಯನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿಕೊಳ್ಳತಕ್ಕದ್ದು. ಒಂದು ಅಂಕಿ ಎರಡು ಬಾರಿ ಮೂಡಿದರೆ ಬ್ಯಾಂಕ್ ಖಾತೆಯ ಸಂಖ್ಯೆ ತಪ್ಪಾಗುತ್ತದೆ. ಒಂದು ಅಕ್ಷರ ಬಿಟ್ಟುಹೋದರೆ ಅರ್ಜಿಯಲ್ಲಿನ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಹೊಂದುವುದಿಲ್ಲ.

ನೋಟ್‌ಪ್ಯಾಡ್ ತೆರೆದು ಪ್ರತಿಯೊಂದು ಕೀಲಿಯನ್ನೂ ಮೆಲ್ಲಗೆ ಒತ್ತಿ ನೋಡಬೇಕು. ಒಮ್ಮೆ ಒತ್ತಿದಾಗ ಒಂದೇ ಅಕ್ಷರ ಮೂಡಬೇಕು. ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಎರಡು ಕೀಲಿಗಳು ಅತಿ ಮುಖ್ಯ. ನುಡಿ ವಿನ್ಯಾಸದಲ್ಲಿ ಒತ್ತಕ್ಷರಗಳಿಗೆ ‘ಎಫ್’ ಕೀಲಿಯೂ, ಮಹಾಪ್ರಾಣ, ದೀರ್ಘಸ್ವರ ಮತ್ತು ಳಕಾರಗಳಿಗೆ ‘ಶಿಫ್ಟ್’ ಕೀಲಿಯೂ ಅವಶ್ಯ. ‘ಎಫ್’ ಕೆಟ್ಟಿದ್ದಲ್ಲಿ ‘ಬನಹಟ್ಟಿ’ಯು ‘ಬನಹಟಟಿ’ ಎಂದಾಗುತ್ತದೆ. ‘ಶಿಫ್ಟ್’ ಕೆಟ್ಟಿದ್ದಲ್ಲಿ ‘ಮುಧೋಳ’ವು ‘ಮುದೊಲ’ ಎಂದಾಗುತ್ತದೆ. ಎಡ ಹಾಗೂ ಬಲ ಬದಿಯ ಶಿಫ್ಟ್ ಕೀಲಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಸೂಕ್ತ. ಮಾರಾಟಗಾರರು ಹೊರಗಿನ ಕೀಲಿಮಣೆ ಜೋಡಿಸಿ ತೋರಿಸಿದಲ್ಲಿ ಅದನ್ನು ಪರೀಕ್ಷೆಯೆಂದು ಒಪ್ಪಬಾರದು.

ರಸೀದಿ ಹಾಗೂ ವಾರಂಟಿ ಪತ್ರವನ್ನು ತಪ್ಪದೇ ಪಡೆಯತಕ್ಕದ್ದು. ನಂತರ ದೋಷ ಕಂಡುಬಂದು ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದ್ದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕ ಇರುವುದಿಲ್ಲ.